ಕಸುಬುದಾರರ ಭಾವಚಿತ್ರ

ಛಾಯಾಚಿತ್ರವು ಬೆಳಕಿನ ಬರಹ ಎನ್ನುತ್ತಾರೆ. ಆದರೆ ಬೆಳಕು ತಾನಾಗಿ ಏನನ್ನೂ ಬರೆಯುವುದಿಲ್ಲ. ಕ್ಯಾಮೆರಾ ಹಿಡಿದವನು ಎಲ್ಲಿ ನಿಂತನು, ಯಾರಿಗಾಗಿ ನಿಂತನು ಎಂಬುದಕ್ಕೆ ತಕ್ಕಂತೆ ಒಂದೇ ಮುಖ ಹಲವು ಬಗೆಯಾಗಿ ತೋರುತ್ತದೆ. ಅಲ್ಪ ಬಂಡವಾಳವನ್ನು ನೆಚ್ಚಿ ಬದುಕು ಕಟ್ಟಿಕೊಳ್ಳುವ ದರ್ಜಿ, ಬಡಗಿ, ತರಕಾರಿ ಮಾರುವ ಹೆಂಗಸು ಮೊದಲಾದವರ ಚಿತ್ರಗಳಲ್ಲಿ ಈ ಮಾತಿನ ನಿಜ ಎದ್ದು ಕಾಣುತ್ತದೆ.

2005ರಲ್ಲಿ ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಕೀವಾ ಎಂಬ ಸಂಸ್ಥೆ ಹುಟ್ಟಿತು. ಉಗಾಂಡದ ಟೊರೊರೊ ಎಂಬ ಊರಿನ ಕೆಲವು ಸಣ್ಣ ಉದ್ದಿಮೆದಾರರ ಭಾವಚಿತ್ರಗಳನ್ನೂ ವೃತ್ತಾಂತಗಳನ್ನೂ ಅದು ಅಂತರಜಾಲದಲ್ಲಿ ಪ್ರಕಟಿಸಿತು. ಅವನ್ನು ಕಂಡ ದೂರದೇಶದವರು 25 ಡಾಲರಿನಷ್ಟು ಚಿಕ್ಕ ಮೊತ್ತಗಳನ್ನೂ ಸಾಲವಾಗಿ ಕೊಡಬಹುದಾಗಿತ್ತು. ಮುಂದೆ ಈ ಪದ್ಧತಿ ಅನೇಕ ದೇಶಗಳಿಗೆ ಹಬ್ಬಿತು. ಇಲ್ಲಿ ಚಿತ್ರ ತೆಗೆಯುವವರು ಹೆಚ್ಚಾಗಿ ನುರಿತ ಛಾಯಾಗ್ರಾಹಕರಲ್ಲ, ಸಾಲ ಹಂಚುವ ಸ್ಥಳೀಯ ಸಂಸ್ಥೆಗಳ ನೌಕರರು. ಆದರೂ ಅಂಗಡಿಯ ಮುಂದೆ ನಿಂತ ಆ ಒಂದು ಮುಖವೇ ನೋಡುವವರ ಮನಸ್ಸನ್ನು ಸೆಳೆಯಬೇಕು. ಎಷ್ಟೋ ಸಲ ಚಿತ್ರ ಪ್ರಕಟವಾಗುವ ಮೊದಲೇ ಆ ವ್ಯಕ್ತಿಗೆ ಸಾಲ ಸಂದಿರುತ್ತಿತ್ತು. 2009ರಲ್ಲಿ ಈ ಸಂಗತಿ ಚರ್ಚೆಗೆ ಬಂದಾಗ ಸಂಸ್ಥೆಯು ತನ್ನ ವಿವರಣೆಯನ್ನು ತಿದ್ದಿಕೊಂಡಿತು.

ಇಂಥ ಚಿತ್ರ ತೆಗೆಯುವುದು ಸುಲಭವೂ ಅಲ್ಲ. ಕ್ಯಾಮೆರಾದ ಬೆಳಕುಮಾಪಕವು ತನ್ನೆದುರಿನ ದೃಶ್ಯವೆಲ್ಲ ನಡುಬೂದು ಬಣ್ಣದ್ದೆಂದು ಎಣಿಸುತ್ತದೆ. ಅಂಗಡಿಯ ಒಳಗಿನಿಂದ ಚಿತ್ರ ತೆಗೆದಾಗ ಹೊರಗಿನ ಬೀದಿಯ ಬಿಸಿಲು ಅದನ್ನು ಮೋಸಗೊಳಿಸಿ, ಬಾಗಿಲಲ್ಲಿ ನಿಂತವಳ ಮುಖ ಕಪ್ಪು ನೆರಳಾಗಿಬಿಡುತ್ತದೆ. ಕಪ್ಪು ಮೈಬಣ್ಣದವರಿಗೆ ಇದು ಇಮ್ಮಡಿ ಅನ್ಯಾಯ. ಏಕೆಂದರೆ ವರ್ಣಚಿತ್ರಗಳನ್ನು ಮುದ್ರಿಸುವಾಗ ಬಣ್ಣ ಸರಿನೋಡಲು ಪ್ರಯೋಗಶಾಲೆಗಳು ಬಹುಕಾಲ ಬಿಳಿಯ ಹೆಂಗಸೊಬ್ಬಳ ಚಿತ್ರವನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದವು. ಬಿಸಿಲನ್ನು ಬೆನ್ನಿಗೆ ಬಿಡದೆ, ಅವಳನ್ನು ಬಾಗಿಲ ನೆರಳಿನಲ್ಲಿ ಹೊರಮುಖವಾಗಿ ನಿಲ್ಲಿಸಿ, ಮುಖದ ಬೆಳಕನ್ನಷ್ಟೇ ಅಳೆಯುವುದು ಬಲ್ಲವರ ಉಪಾಯ. ಕ್ಯಾಮೆರಾವನ್ನು ಅವಳ ಕಣ್ಣಿನ ಮಟ್ಟದಲ್ಲಿ ಹಿಡಿಯುವುದೂ ಮುಖ್ಯ. ಮೇಲಿನಿಂದ ಕೆಳಗೆ ನೋಡಿ ತೆಗೆದ ಚಿತ್ರದಲ್ಲಿ ಯಜಮಾನಿಯೂ ಯಾಚಕಿಯಂತೆ ಕಾಣುತ್ತಾಳೆ. ಬಡವರ ಚಿತ್ರವೆಂದರೆ ಕಣ್ಣೀರು ಇರಲೇಬೇಕೆಂಬುದು ಹೊಟ್ಟೆ ತುಂಬಿದವರು ಮಾಡಿಕೊಂಡ ರೂಢಿ.

ಚಿತ್ರದಲ್ಲಿ ನಿಲ್ಲುವವರೇ ಹಣ ಕೊಟ್ಟು, ತಾವು ಹೇಗೆ ಕಾಣಬೇಕೆಂದು ತಾವೇ ಗೊತ್ತುಮಾಡಿದರೆ ಏನಾಗುತ್ತದೆ? ಪಶ್ಚಿಮ ಆಫ್ರಿಕದ ಬಮಾಕೊ ನಗರದ ಸೆಯ್ದು ಕೆಯಿಟಾನ ಚಿತ್ರಗಳನ್ನು ನೋಡಬೇಕು. ಬಡಗಿಯ ಕೆಲಸ ಕಲಿತಿದ್ದ ಈತನಿಗೆ 1935ರಲ್ಲಿ ಬಂಧುವೊಬ್ಬನು ಪುಟ್ಟ ಕ್ಯಾಮೆರಾ ತಂದುಕೊಟ್ಟನು. ಇಂದಿನ ಮಾಲಿ ದೇಶವು ಫ್ರೆಂಚರ ಕೈಯಲ್ಲಿದ್ದಾಗಲೇ, 1948ರಲ್ಲಿ, ಈತನು ತನ್ನದೇ ಸ್ಟುಡಿಯೋ ತೆರೆದನು. ಈತನೂ ಒಬ್ಬ ಸಣ್ಣ ಉದ್ದಿಮೆದಾರನೇ ಅಲ್ಲವೇ? ಅಂಗಳದ ಸಹಜ ಬೆಳಕೇ ದೀಪ, ತನ್ನ ಹಾಸಿಗೆಯ ಹೊದಿಕೆಯೇ ಮೊದಲ ಹಿನ್ನೆಲೆಯ ಪರದೆ. ಖರ್ಚಿನ ಭಯದಿಂದ ಗಿರಾಕಿಯೊಬ್ಬನಿಗೆ ಸಾಮಾನ್ಯವಾಗಿ ಒಂದೇ ಚಿತ್ರ ತೆಗೆಯುತ್ತಿದ್ದನು. ಆದುದರಿಂದ ಭಂಗಿಯನ್ನು ಸರಿಪಡಿಸಲು ಬಹಳ ಶ್ರಮಿಸುತ್ತಿದ್ದನು. ಕೈಗಡಿಯಾರ, ಲೇಖನಿ, ರೇಡಿಯೋ, ಸ್ಕೂಟರು ಮುಂತಾದುವು ಅಲ್ಲಿ ಸಿದ್ಧವಾಗಿರುತ್ತಿದ್ದವು. ವ್ಯಾಪಾರಿಯೂ ಗುಮಾಸ್ತನೂ ತಮಗೆ ಒಪ್ಪಿದ್ದನ್ನು ಆರಿಸಿಕೊಂಡು ಠೀವಿಯಿಂದ ನಿಲ್ಲುತ್ತಿದ್ದರು. ಅವರ ನೋಟದಲ್ಲಿ ದೈನ್ಯದ ಸುಳಿವೂ ಇಲ್ಲ.

1991ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಈತನ ಚಿತ್ರಗಳು ಅಜ್ಞಾತ ಛಾಯಾಗ್ರಾಹಕನ ಕೃತಿಗಳೆಂದು ತೂಗಿದವು. ಅವನ್ನು ತೆಗೆದ ಮನುಷ್ಯನು ಆಗ ಬಮಾಕೊದಲ್ಲಿ ಬದುಕಿಯೇ ಇದ್ದನು. 1994ರಲ್ಲಿ ಪ್ಯಾರಿಸಿನಲ್ಲಿ ಈತನ ಹೆಸರಿನಲ್ಲೇ ಪ್ರದರ್ಶನ ನಡೆಯಿತು. 2001ರಲ್ಲಿ ಈತನು ತೀರಿಕೊಂಡನು. ಹೀಗೆ ಛಾಯಾಗ್ರಾಹಕನ ಹೆಸರು ಅವನಿಗೆ ಮರಳಿ ದೊರಕಿತು. ಚಿತ್ರಗಳಲ್ಲಿ ನಿಂತವರಲ್ಲಿ ಬಹುಮಂದಿಯ ಹೆಸರು ಇಂದಿಗೂ ತಿಳಿದಿಲ್ಲ.