ಮಗುವಿನ ಮಂಡಿನೋವು, ಎಎಸ್‌ಓ ರಿಪೋರ್ಟು ಮತ್ತು ಹೃದಯ



ಹೃದಯದ ಡಾಕ್ಟರು ಮಕ್ಕಳ ಕೀಲುನೋವಿನ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಎಂದು ಕೆಲವರಿಗೆ ಅನಿಸಬಹುದು. ಕಾರಣ ಇಷ್ಟೇ. ಮಗುವಿಗೆ ಕಾಲುನೋವು ಎಂದು ರಕ್ತ ಪರೀಕ್ಷೆ ಮಾಡಿಸುತ್ತಾರೆ. ರಿಪೋರ್ಟಿನಲ್ಲಿ ಎಎಸ್‌ಓ ಎಂಬ ಸಾಲಿನ ಮುಂದೆ ದಪ್ಪ ಅಕ್ಷರದಲ್ಲಿ ಅಂಕಿ ಜಾಸ್ತಿ ಎಂದು ಬರುತ್ತದೆ. ಮೊಬೈಲಿನಲ್ಲಿ ಹುಡುಕಿದರೆ ‘ಹೃದಯದ ವಾಲ್ವ್ ಹಾಳಾಗಬಹುದು’ ಎಂದು ಕಾಣಿಸುತ್ತದೆ. ರಾತ್ರಿಯೆಲ್ಲ ನಿದ್ದೆಯಿಲ್ಲದ ಅಪ್ಪ ಅಮ್ಮ ಬೆಳಿಗ್ಗೆ ನಮ್ಮ ಓಪಿಡಿ ಮುಂದೆ ಕೂತಿರುತ್ತಾರೆ. ಹೀಗೆ ಬರುವ ಹೆಚ್ಚಿನ ಮಕ್ಕಳ ಹೃದಯ ಚೆನ್ನಾಗಿಯೇ ಇರುತ್ತದೆ.

ಇನ್ನೊಂದು ಕಡೆ, ನಿಜವಾಗಿ ಬರಬೇಕಾದ ಮಗು ಆ ವಯಸ್ಸಿನಲ್ಲಿ ಬರುವುದೇ ಇಲ್ಲ. ಇಪ್ಪತ್ತೈದು ದಾಟಿದ ಮೇಲೆ, ಕೆಲವೊಮ್ಮೆ ಬಸಿರಿನ ಆರನೇ ತಿಂಗಳಲ್ಲಿ, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ ಎಂದು ಬರುತ್ತಾಳೆ. ಕೇಳಿದರೆ, ‘ಚಿಕ್ಕವಳಿದ್ದಾಗ ಮಂಡಿ ಊದಿತ್ತು ಡಾಕ್ಟ್ರೇ, ನಾಲ್ಕೈದು ಸೂಜಿ ಹಾಕಿಸಿದ್ರು, ಆಮೇಲೆ ಬಿಟ್ಟೇ ಹೋಯ್ತು’ ಎನ್ನುತ್ತಾಳೆ. ಮೊದಲನೆಯವರು ಸುಮ್ಮನೆ ಹೆದರಬಾರದು, ಎರಡನೆಯವರು ತಪ್ಪಿಹೋಗಬಾರದು ಎಂದೇ ಇಂದಿನ ಬರಹ.

*ರಾತ್ರಿಯ ಕಾಲುನೋವು*

ಮೊದಲು ಎಲ್ಲರ ಮನೆಯಲ್ಲೂ ಇರುವ ನೋವು. ಮೂರರಿಂದ ಹನ್ನೆರಡು ವರ್ಷದೊಳಗಿನ ಮಗು. ಹಗಲೆಲ್ಲ ಸೊಸೈಟಿಯ ಕಾಂಪೌಂಡಿನಲ್ಲಿ ಓಡಾಡಿ ಆಡಿರುತ್ತದೆ. ಸಂಜೆ ಅಥವಾ ಮಲಗಿದ ಮೇಲೆ ‘ಅಮ್ಮಾ ಕಾಲು ನೋವು’ ಎಂದು ಅಳುತ್ತದೆ. ಮೀನಖಂಡ, ತೊಡೆ, ಮಂಡಿಯ ಹಿಂಭಾಗ ತೋರಿಸುತ್ತದೆ, ಸಾಮಾನ್ಯವಾಗಿ ಎರಡೂ ಕಾಲು. ಸ್ವಲ್ಪ ಎಣ್ಣೆ ಹಚ್ಚಿ ನೀವಿದರೆ ಸುಮ್ಮನಾಗಿ ಮಲಗುತ್ತದೆ. ಬೆಳಿಗ್ಗೆ ಎದ್ದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಟ. ಊರಿನಿಂದ ಫೋನಿನಲ್ಲಿ ಅಜ್ಜಿ ‘ಬೆಳೆಯೋ ಹುಡುಗ, ಕಾಲು ನೋಯ್ತದೆ ಬಿಡು’ ಎಂದರೆ, ಈ ಒಂದು ವಿಷಯದಲ್ಲಿ ಅಜ್ಜಿಯ ಮಾತು ಸರಿ. ಬೆಳವಣಿಗೆಗೂ ಈ ನೋವಿಗೂ ನೇರ ಸಂಬಂಧವಿದೆ ಎಂದು ಸಾಬೀತಾಗಿಲ್ಲ, ಆದರೂ ಹೆಸರು ಹಾಗೇ ಉಳಿದಿದೆ. ಇಂಥ ಮಗುವನ್ನು ಒಮ್ಮೆ ಮಕ್ಕಳ ಡಾಕ್ಟರು ಮುಟ್ಟಿ ನೋಡಿ ಎಲ್ಲ ಸರಿಯಿದೆ ಎಂದರೆ ಸಾಕು. ಎಎಸ್‌ಓ ಬೇಡ, ಇಕೋ ಬೇಡ.

ಆದರೆ ನೋವು ಯಾವಾಗಲೂ ಒಂದೇ ಕಾಲಿನ ಒಂದೇ ಜಾಗದಲ್ಲಿ ಇದ್ದರೆ, ಕೀಲು ಊದಿದ್ದರೆ, ಮಗು ಕುಂಟುತ್ತಿದ್ದರೆ, ಬೆಳಿಗ್ಗೆ ಎದ್ದಾಗ ಕೈಕಾಲು ಬಿಗಿಯಾಗಿ ಅರ್ಧ ಗಂಟೆ ಸರಿಯಾಗಿ ನಡೆಯಲಾಗದಿದ್ದರೆ, ಜ್ವರವಿದ್ದರೆ, ಮುಖ ಬಿಳಿಚಿಕೊಂಡು ತೂಕ ಇಳಿಯುತ್ತಿದ್ದರೆ, ಅದನ್ನು ಬೆಳೆಯುವ ನೋವು ಎಂದು ಕರೆಯಬೇಡಿ. ಇವುಗಳಲ್ಲಿ ಒಂದೊಂದರ ಹಿಂದೆ ಒಂದೊಂದು ಕಾಯಿಲೆ ಇರಬಹುದು.

ಜೋರು ಜ್ವರ, ಜೊತೆಗೆ ಒಂದೇ ಕೀಲನ್ನು ಮುಟ್ಟಲೂ ಬಿಡದಷ್ಟು ನೋವು, ಕಾಲು ಊರುವುದೇ ಇಲ್ಲ ಎಂದರೆ ಕೀಲಿನೊಳಗೆ ಕೀವು ಆಗಿರಬಹುದು. ಇದಕ್ಕೆ ನಾಳೆ ಬೆಳಿಗ್ಗೆ ಎನ್ನುವಂತಿಲ್ಲ, ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಕೀಲಿನ ಮೃದ್ವಸ್ಥಿ ಕರಗಿಹೋಗುತ್ತದೆ. ಆರು ವಾರ ಮೀರಿ ಕೀಲಿನ ಊತ ಇದ್ದರೆ ಮಕ್ಕಳ ಸಂಧಿವಾತದ ಬಗ್ಗೆ ಯೋಚಿಸಬೇಕು. ಹೌದು, ಸಂಧಿವಾತ ಮಕ್ಕಳಿಗೂ ಬರುತ್ತದೆ. ಅದರಲ್ಲಿ ಕಣ್ಣಿನೊಳಗೆ ಸದ್ದಿಲ್ಲದೆ ಉರಿಯೂತ ಆಗಬಹುದಾದ್ದರಿಂದ, ಕಣ್ಣು ಕೆಂಪಾಗದಿದ್ದರೂ ನಿಯಮಿತವಾಗಿ ಕಣ್ಣಿನ ಪರೀಕ್ಷೆ ಬೇಕು. ಇನ್ನೊಂದು ಮಾತು: ಸೊಂಟದ ಕೀಲಿನ ತೊಂದರೆಯನ್ನು ಮಗು ಅನೇಕ ಸಲ ಮಂಡಿಯಲ್ಲಿ ತೋರಿಸುತ್ತದೆ. ಮಂಡಿಯ ಎಕ್ಸ್‌ರೇ ಸರಿಯಿದೆ, ಮಗು ಮಾತ್ರ ಕುಂಟುತ್ತಲೇ ಇದೆ ಎಂದರೆ ಸೊಂಟದ ಎಕ್ಸ್‌ರೇ ಕೇಳಿ.

*ಕೀಲಿನಿಂದ ಕೀಲಿಗೆ ಹಾರುವ ನೋವು*

ಈಗ ನನ್ನ ವಿಷಯಕ್ಕೆ ಬರುತ್ತೇನೆ. ರುಮ್ಯಾಟಿಕ್ ಜ್ವರ ಸಾಮಾನ್ಯವಾಗಿ 5ರಿಂದ 15 ವರ್ಷದ ಮಕ್ಕಳಿಗೆ ಬರುತ್ತದೆ. ಶುರುವಾಗುವುದು ಗಂಟಲಿನಲ್ಲಿ. ಗ್ರೂಪ್ ಎ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲುನೋವು ಬಂದು ಹೋಗಿರುತ್ತದೆ. ಎರಡು ಮೂರು ವಾರ ಕಳೆದು ಮನೆಯವರು ಅದನ್ನು ಮರೆತಿರುತ್ತಾರೆ. ಆಗ ಜ್ವರ ಬಂದು, ಒಂದು ಮಂಡಿ ಊದಿ ಬಿಸಿಯಾಗುತ್ತದೆ. ಎರಡು ದಿನದಲ್ಲಿ ಅದು ಇಳಿಯುವಷ್ಟರಲ್ಲಿ ಇನ್ನೊಂದು ಕಾಲಿನ ಹರಡು, ಆಮೇಲೆ ಮೊಣಕೈ, ಮಣಿಕಟ್ಟು. ಹೊದಿಕೆ ತಾಗಿದರೂ ಮಗು ಕಿರುಚುವಷ್ಟು ನೋವು ಇರುತ್ತದೆ.

ಆಗುವುದೇನೆಂದರೆ, ಬ್ಯಾಕ್ಟೀರಿಯಾದ ವಿರುದ್ಧ ತಯಾರಾದ ನಮ್ಮದೇ ರೋಗನಿರೋಧಕ ಪಡೆ ಗುರುತು ತಪ್ಪಿ ನಮ್ಮ ದೇಹದ ಮೇಲೆಯೇ ಬೀಳುತ್ತದೆ. ಆ ಬ್ಯಾಕ್ಟೀರಿಯಾದ ಹೊರಪದರಕ್ಕೂ ನಮ್ಮ ಹೃದಯದ ಅಂಗಾಂಶಕ್ಕೂ ಕೆಲವು ಹೋಲಿಕೆಗಳಿವೆ. ಕೀಲುಗಳಿಗೆ ಇದರಿಂದ ಶಾಶ್ವತ ತೊಂದರೆ ಆಗುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೂ ಕೆಲವು ವಾರಗಳಲ್ಲಿ ಊತ ಪೂರ್ತಿ ಇಳಿಯುತ್ತದೆ. ಮೋಸವಾಗುವುದು ಇಲ್ಲೇ. ಮಂಡಿ ವಾಸಿಯಾಯಿತು, ಮಗು ಶಾಲೆಗೆ ಹೋಯಿತು, ಎಲ್ಲ ಮುಗಿಯಿತು ಎಂದು ಮನೆಯವರು ಅಂದುಕೊಳ್ಳುತ್ತಾರೆ. ಹೃದಯದ ಕವಾಟಕ್ಕೆ, ಅದರಲ್ಲೂ ಎಡಭಾಗದ ಮೈಟ್ರಲ್ ಕವಾಟಕ್ಕೆ, ಗಾಯವಾಗಿದ್ದರೆ ಅದು ಹೊರಗೆ ಕಾಣುವುದಿಲ್ಲ. ಮತ್ತೆ ಮತ್ತೆ ಜ್ವರ ಬಂದಾಗಲೆಲ್ಲ ಗಾಯದ ಮೇಲೆ ಗಾಯವಾಗಿ, ಕವಾಟ ದಪ್ಪಗಾಗಿ, ಸರಿಯಾಗಿ ತೆರೆಯದೆಯೋ ಮುಚ್ಚದೆಯೋ ಉಳಿಯುತ್ತದೆ.

ಕೆಲವು ಮಕ್ಕಳಲ್ಲಿ ಕೀಲುನೋವೇ ಇರುವುದಿಲ್ಲ. ಅಕ್ಷರ ಕೆಡುತ್ತದೆ, ಕೈಯಿಂದ ಲೋಟ ಬೀಳುತ್ತದೆ, ಮುಖ ಮತ್ತು ಕೈ ತಾವಾಗಿಯೇ ಅಲುಗುತ್ತವೆ, ಸುಮ್ಮಸುಮ್ಮನೆ ಅಳು ಬರುತ್ತದೆ. ಮಲಗಿದಾಗ ಮಾತ್ರ ಎಲ್ಲ ಶಾಂತ. ಹುಡುಗಿಯರಲ್ಲಿ ಇದು ಜಾಸ್ತಿ. ಟೀಚರ್ ಬೈಯುತ್ತಾರೆ, ಮನೆಯಲ್ಲಿ ತುಂಟತನ ಎನ್ನುತ್ತಾರೆ. ಇದೂ ರುಮ್ಯಾಟಿಕ್ ಜ್ವರದ ಒಂದು ರೂಪ, ಗಂಟಲುನೋವು ಆಗಿ ತಿಂಗಳುಗಳ ನಂತರವೂ ಬರಬಹುದು.

ಇಂಥ ಮಗುವಿಗೆ ನೀವಾಗಿಯೇ ನೋವಿನ ಮಾತ್ರೆ, ಅದರಲ್ಲೂ ಆಸ್ಪಿರಿನ್ ಅಥವಾ ಸ್ಟೀರಾಯ್ಡ್, ಶುರುಮಾಡಬೇಡಿ. ರುಮ್ಯಾಟಿಕ್ ಜ್ವರದ ನೋವು ಈ ಮಾತ್ರೆಗಳಿಗೆ ಒಂದೆರಡು ದಿನದಲ್ಲೇ ಬಗ್ಗಿಬಿಡುತ್ತದೆ, ಕೀಲಿನಿಂದ ಕೀಲಿಗೆ ಹಾರುವ ಲಕ್ಷಣ ಅಲ್ಲಿಗೇ ಅಳಿಸಿಹೋಗುತ್ತದೆ, ಡಾಕ್ಟರಿಗೆ ಸುಳಿವೇ ಉಳಿಯುವುದಿಲ್ಲ. ಮಕ್ಕಳ ರಕ್ತದ ಕ್ಯಾನ್ಸರ್ ಕೂಡ ಕೆಲವೊಮ್ಮೆ ಮೂಳೆನೋವಾಗಿ ಶುರುವಾಗುತ್ತದೆ, ಸ್ಟೀರಾಯ್ಡ್ ಅದನ್ನೂ ಕೆಲಕಾಲ ಮುಚ್ಚಿಡುತ್ತದೆ. ಮಳೆಗಾಲದಲ್ಲಿ ಜ್ವರ ಮತ್ತು ಮೈಕೈನೋವು ಡೆಂಗಿಯದ್ದಾಗಿದ್ದರೆ ಆಸ್ಪಿರಿನ್, ಐಬುಪ್ರೊಫೆನ್‌ನಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಡಾಕ್ಟರು ನೋಡುವವರೆಗೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು.

*ಎಎಸ್‌ಓ ಹೇಳುವುದು ಎಷ್ಟು?*

ಎಎಸ್‌ಓ ಹೇಳುವುದು ಒಂದೇ ಮಾತು: ಈಚೆಗೆ ಈ ಮಗುವಿಗೆ ಸ್ಟ್ರೆಪ್ಟೋಕಾಕಸ್ ಸೋಂಕು ಆಗಿತ್ತು. ಶಾಲೆಗೆ ಹೋಗುವ ಮಕ್ಕಳಲ್ಲಿ ಇಂಥ ಸೋಂಕು ಆಗುತ್ತಲೇ ಇರುತ್ತದೆ, ಆದ್ದರಿಂದ ಆರೋಗ್ಯವಾಗಿರುವ ಎಷ್ಟೋ ಮಕ್ಕಳಲ್ಲೂ ಈ ಅಂಕಿ ಲ್ಯಾಬಿನ ಮಿತಿಗಿಂತ ಹೆಚ್ಚಿರುತ್ತದೆ. ಅಂಕಿ ಜಾಸ್ತಿ ಎಂದ ಮಾತ್ರಕ್ಕೆ ರುಮ್ಯಾಟಿಕ್ ಜ್ವರ ಅಲ್ಲ. ಬರೀ ಎಎಸ್‌ಓ ನೋಡಿ ವರ್ಷಗಟ್ಟಲೆ ಪೆನಿಸಿಲಿನ್ ಸೂಜಿ ಹಾಕಿಸಿಕೊಳ್ಳುತ್ತಿರುವ ಮಕ್ಕಳನ್ನು ನಾನು ನೋಡುತ್ತಿರುತ್ತೇನೆ, ಅದು ನೋಡಿ ಬೇಸರವಾಗುತ್ತದೆ. ಪ್ರತಿ ತಿಂಗಳು ಎಎಸ್‌ಓ ಮಾಡಿಸಿ ‘800 ಇದ್ದದ್ದು 600 ಆಯ್ತು’ ಎಂದು ಲೆಕ್ಕ ಇಡುವವರೂ ಇದ್ದಾರೆ. ಆ ಅಂಕಿ ಇಳಿಸುವುದು ಚಿಕಿತ್ಸೆಯ ಗುರಿಯೇ ಅಲ್ಲ.

ರೋಗ ನಿರ್ಧಾರಕ್ಕೆ ಜೋನ್ಸ್ ಮಾನದಂಡ ಎಂದಿದೆ. 1944ರಲ್ಲಿ ಅಮೆರಿಕದ ಡಾ. ಡಕೆಟ್ ಜೋನ್ಸ್ ರೂಪಿಸಿದ್ದು, 2015ರಲ್ಲಿ ಮತ್ತೆ ತಿದ್ದಿದ್ದಾರೆ. ಲಕ್ಷಣಗಳು, ಸಿಆರ್‌ಪಿ ಅಥವಾ ಇಎಸ್‌ಆರ್, ಇಸಿಜಿ, ಸ್ಟ್ರೆಪ್ಟೋಕಾಕಸ್‌ನ ಪುರಾವೆ, ಎಲ್ಲವನ್ನೂ ಸೇರಿಸಿ ನೋಡಬೇಕು. ನಮ್ಮ ದೇಶದಂತೆ ಈ ಕಾಯಿಲೆ ಹೆಚ್ಚಿರುವ ಕಡೆ ಒಂದೇ ಕೀಲು ಊದಿದ್ದರೂ ಸಂಶಯಪಡಬೇಕು ಎಂದು 2015ರ ತಿದ್ದುಪಡಿ ಹೇಳುತ್ತದೆ. ಸ್ಟೆತಸ್ಕೋಪಿಗೆ ಕೇಳಿಸದ ಕವಾಟದ ಸೋರಿಕೆ ಇಕೋದಲ್ಲಿ ಕಾಣುತ್ತದೆ, ಹಾಗಾಗಿ ರುಮ್ಯಾಟಿಕ್ ಜ್ವರದ ಸಂಶಯವಿರುವ ಪ್ರತಿ ಮಗುವಿಗೂ ಇಕೋ ಬೇಕು. ಹತ್ತು ಹದಿನೈದು ನಿಮಿಷದ ಪರೀಕ್ಷೆ, ನೋವಿಲ್ಲ, ವಿಕಿರಣ ಇಲ್ಲ.

*ಇಪ್ಪತ್ತೊಂದು ದಿನಕ್ಕೊಂದು ಸೂಜಿ*

ನಿಜವಾಗಿ ರುಮ್ಯಾಟಿಕ್ ಜ್ವರ ಆಗಿದೆ ಎಂದ ಮೇಲೆ ಮುಖ್ಯ ಔಷಧಿ ಬೆಂಜಥೀನ್ ಪೆನಿಸಿಲಿನ್. ನಮ್ಮಲ್ಲಿ ಸಾಮಾನ್ಯವಾಗಿ 21 ದಿನಕ್ಕೊಮ್ಮೆ 12 ಲಕ್ಷ ಯೂನಿಟ್ ಮಾಂಸಖಂಡಕ್ಕೆ ಕೊಡುತ್ತೇವೆ. 27 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಡೋಸ್ ಅದರ ಅರ್ಧ, ಎಷ್ಟು ದಿನಕ್ಕೊಮ್ಮೆ ಎಂದು ನಿಮ್ಮ ಡಾಕ್ಟರು ಹೇಳುತ್ತಾರೆ. ಆಗಿರುವ ಗಾಯವನ್ನು ಇದು ವಾಸಿ ಮಾಡುವುದಿಲ್ಲ, ಮುಂದಿನ ಗಂಟಲು ಸೋಂಕನ್ನೇ ತಡೆದು ಇನ್ನೊಂದು ದಾಳಿ ಆಗದಂತೆ ಕಾಯುತ್ತದೆ. ಮತ್ತೆ ದಾಳಿ ಆಗದಿದ್ದರೆ ಎಷ್ಟೋ ಮಕ್ಕಳ ಕವಾಟದ ಸಣ್ಣ ಸೋರಿಕೆ ವರ್ಷಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಇಷ್ಟು ವರ್ಷವಾದರೂ ಈ ಬ್ಯಾಕ್ಟೀರಿಯಾ ಪೆನಿಸಿಲಿನ್‌ಗೆ ಸಡ್ಡು ಹೊಡೆಯಲು ಕಲಿತಿಲ್ಲ, ಅದು ನಮ್ಮ ಪುಣ್ಯ.

ಇದಕ್ಕೆ ಗಟ್ಟಿ ಪುರಾವೆಯೂ ಇದೆ. ಯುಗಾಂಡಾದಲ್ಲಿ, ಲಕ್ಷಣವೇ ಇಲ್ಲದೆ ಇಕೋದಲ್ಲಿ ಮಾತ್ರ ಕವಾಟದ ಆರಂಭಿಕ ತೊಂದರೆ ಕಂಡ 818 ಮಕ್ಕಳ ಮೇಲೆ ನಡೆದ ಅಧ್ಯಯನ 2022ರಲ್ಲಿ ಅಚ್ಚಾಯಿತು. ಎರಡು ವರ್ಷದಲ್ಲಿ, ಸೂಜಿ ತೆಗೆದುಕೊಳ್ಳದವರಲ್ಲಿ ಶೇಕಡಾ 8.2 ಮಕ್ಕಳ ಕಾಯಿಲೆ ಹೆಚ್ಚಾಯಿತು, ತೆಗೆದುಕೊಂಡವರಲ್ಲಿ ಶೇಕಡಾ 0.8 ಮಾತ್ರ.

ಎಷ್ಟು ವರ್ಷ ಎಂದು ಎಲ್ಲರೂ ಕೇಳುತ್ತಾರೆ. ಹೃದಯಕ್ಕೆ ತಾಗದಿದ್ದರೆ ಕನಿಷ್ಠ 5 ವರ್ಷ, ಮತ್ತು ಮಗುವಿಗೆ 18 ಅಥವಾ 21 ತುಂಬುವವರೆಗೆ, ಯಾವುದು ಹೆಚ್ಚೋ ಅದು. ಹೃದಯಕ್ಕೆ ತಾಗಿದ್ದರೆ ಕನಿಷ್ಠ 10 ವರ್ಷ, ಕವಾಟ ಕೆಟ್ಟಿದ್ದರೆ 40ರವರೆಗೆ ಅಥವಾ ಜೀವನಪೂರ್ತಿ. ಕೇಳಿ ಅಮ್ಮಂದಿರ ಮುಖ ಸಣ್ಣದಾಗುತ್ತದೆ. ವರ್ಷಕ್ಕೆ ಹದಿನೇಳೋ ಹದಿನೆಂಟೋ ಸೂಜಿ, ಅದೂ ನೋಯುವ ಸೂಜಿ. ನೋವು ಕಡಿಮೆ ಮಾಡಲು ಕೆಲವು ಉಪಾಯಗಳಿವೆ: ಔಷಧಿ ಫ್ರಿಜ್ಜಿನ ತಣ್ಣಗಿನದಾಗಿರದೆ ಕೋಣೆಯ ಉಷ್ಣತೆಗೆ ಬಂದಿರಲಿ, ಚುಚ್ಚುವ ಜಾಗವನ್ನು ಮೊದಲು ಹತ್ತು ಸೆಕೆಂಡು ಹೆಬ್ಬೆರಳಿನಿಂದ ಒತ್ತಿ ಹಿಡಿಯಲಿ, ನಿಧಾನವಾಗಿ ಕೊಡಲಿ. ಮಗು ಏನಾದರೂ ತಿಂದು ನೀರು ಕುಡಿದಿರಲಿ, ಮಲಗಿರಲಿ. ಅಲರ್ಜಿಯ ಭಯದಿಂದ ಕೆಲವು ಕ್ಲಿನಿಕ್‌ಗಳಲ್ಲಿ ಈ ಸೂಜಿ ಕೊಡಲು ಒಪ್ಪುವುದಿಲ್ಲ. ತೀವ್ರ ಅಲರ್ಜಿ ಬಲು ಅಪರೂಪ, ಆದರೂ ಅದನ್ನು ನಿಭಾಯಿಸುವ ಸೌಲಭ್ಯ ಇರುವಲ್ಲೇ ಹಾಕಿಸಿ. ಕವಾಟದ ಕಾಯಿಲೆ ತೀವ್ರವಾಗಿದ್ದು ಉಸಿರಾಟದ ತೊಂದರೆ ಇರುವವರಿಗೆ ಮಾತ್ರೆಯೇ ಸುರಕ್ಷಿತವಾಗಬಹುದು. ಅದನ್ನು ಹೃದಯದ ಡಾಕ್ಟರೇ ತೀರ್ಮಾನಿಸಬೇಕು.

*ಊರು ಬದಲಾದಾಗ*

ನಮ್ಮಂಥ ಹೊರನಾಡಿನವರಿಗೆ ಇದು ಮುಖ್ಯ. ಸೂಜಿ ತಪ್ಪುವುದು ಹೆಚ್ಚಾಗಿ ಬೇಸರದಿಂದಲ್ಲ, ವರ್ಗಾವಣೆಯಿಂದ. ಹುಬ್ಬಳ್ಳಿಯಲ್ಲಿ ಶುರುವಾದದ್ದು ಪುಣೆಗೆ ಬಂದಾಗ ನಿಲ್ಲುತ್ತದೆ. ಹೊಸ ಡಾಕ್ಟರಿಗೆ ಹಳೆಯ ಕಾಗದ ಇಲ್ಲ, ಮಗು ಚೆನ್ನಾಗಿ ಕಾಣುತ್ತಿದೆ, ‘ಮುಂದೆ ನೋಡೋಣ’ ಎಂದಾಗುತ್ತದೆ. ಮೇ ತಿಂಗಳ ರಜೆಗೆ ಅಜ್ಜಿ ಮನೆಗೆ ಹೋದಾಗ ಎರಡು ಡೋಸ್ ಹೋಗುತ್ತದೆ. ಡಿಸ್ಚಾರ್ಜ್ ಕಾಗದ, ಮೊದಲ ಇಕೋ ರಿಪೋರ್ಟು, ಸೂಜಿಯ ದಿನಾಂಕದ ಕಾರ್ಡು, ಮೂರನ್ನೂ ಫೋಟೋ ತೆಗೆದು ಗಂಡ ಹೆಂಡತಿ ಇಬ್ಬರ ಮೊಬೈಲಿನಲ್ಲೂ ಇಡಿ. ರಜೆಗೆ ಹೊರಡುವ ಮೊದಲೇ ಅಲ್ಲಿನ ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧಿ ಸಿಗುತ್ತದೆಯೇ ಎಂದು ವಿಚಾರಿಸಿ.

ಈ ಕಾಯಿಲೆ ಜನ ಒತ್ತೊತ್ತಾಗಿ ಬದುಕುವಲ್ಲಿ ಹೆಚ್ಚು. ಒಂದು ಕೋಣೆಯಲ್ಲಿ ಆರೇಳು ಜನ ಮಲಗಿದರೆ ಗಂಟಲಿನ ಬ್ಯಾಕ್ಟೀರಿಯಾ ಸುಲಭವಾಗಿ ಹರಡುತ್ತದೆ. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಮುಂಬೈ, ಪುಣೆ, ಹೈದರಾಬಾದಿಗೆ ಬಂದಿರುವ ನಮ್ಮ ಜನರ ಮಕ್ಕಳು ನಿಮ್ಮ ಬಿಲ್ಡಿಂಗಿನ ಪಕ್ಕದ ಶೆಡ್ಡಿನಲ್ಲೇ ಇರಬಹುದು. ಮನೆಕೆಲಸಕ್ಕೆ ಬರುವಾಕೆ ‘ಹುಡುಗಿಗೆ ಮಂಡಿ ಊದಿದೆ ಅಕ್ಕಾ, ಈಗ ಮೊಣಕೈ’ ಎಂದರೆ ದಯವಿಟ್ಟು ನೋವಿನ ಮುಲಾಮು ಕೊಟ್ಟು ಕಳಿಸಬೇಡಿ. ಸರ್ಕಾರಿ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಕಳಿಸಿ, ಸಾಧ್ಯವಾದರೆ ಜೊತೆಗೆ ಹೋಗಿ, ಭಾಷೆ ಗೊತ್ತಿಲ್ಲದೆ ಎಷ್ಟೋ ಜನ ಕೇಸ್ ಪೇಪರ್ ಕೌಂಟರಿನಿಂದಲೇ ಹಿಂದಿರುಗುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದೊಳಗಿನ ಮಕ್ಕಳಿಗೆ ತಪಾಸಣೆ ಮಾಡುವ ಕಾಯಿಲೆಗಳ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗವೂ ಇದೆ. ಸರ್ಕಾರಿ ಶಾಲೆಗೆ ಆ ತಂಡ ಬಂದಾಗ ಮಗು ಗೈರುಹಾಜರಾಗದಂತೆ ನೋಡಿಕೊಳ್ಳಿ ಎಂದು ಆಕೆಗೆ ಹೇಳಿ.

ಕೊನೆಗೆ, ಹಿಂದಿನ ಬರಹಕ್ಕೆ ಬಂದ ಎರಡು ಪ್ರಶ್ನೆಗಳು.

ಕಾಲುನೋವಿಗೆ ವಿಟಮಿನ್ ಡಿ ಕೊಡಬಹುದೇ? ಫ್ಲಾಟಿನಲ್ಲೇ ಬೆಳೆಯುವ ಮಕ್ಕಳಲ್ಲಿ ಕೊರತೆ ಇರುವುದು ನಿಜ. ಆದರೆ ದೊಡ್ಡವರಿಗೆ ಬರೆದುಕೊಟ್ಟ 60,000 ಯೂನಿಟ್ಟಿನ ಸ್ಯಾಶೆಯನ್ನು ಮಗುವಿಗೂ ವಾರವಾರ ಕೊಡುತ್ತಾ ಹೋಗಬೇಡಿ. ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮೂತ್ರಪಿಂಡದ ತೊಂದರೆ ಬರುತ್ತದೆ. ಎಷ್ಟು, ಎಷ್ಟು ವಾರ ಎಂದು ಮಕ್ಕಳ ಡಾಕ್ಟರು ಬರೆದುಕೊಡಲಿ.

ಗಂಟಲುನೋವು ಬಂದಾಗಲೆಲ್ಲ ಆ್ಯಂಟಿಬಯೋಟಿಕ್ ಬೇಕೇ? ಬೇಡ. ಮೂಗು ಸೋರುತ್ತಾ ಕೆಮ್ಮು ಇದ್ದರೆ ಅದು ಸಾಮಾನ್ಯವಾಗಿ ವೈರಸ್. ಕೆಮ್ಮು ನೆಗಡಿ ಇಲ್ಲದೆ ಇದ್ದಕ್ಕಿದ್ದಂತೆ ಜ್ವರ, ನುಂಗಲಾರದಷ್ಟು ಗಂಟಲುನೋವು, ಕುತ್ತಿಗೆಯಲ್ಲಿ ನೋಯುವ ಗಡ್ಡೆ ಕಂಡರೆ ಡಾಕ್ಟರಿಗೆ ತೋರಿಸಿ. ಲಕ್ಷಣ ಶುರುವಾದ 9 ದಿನದೊಳಗೆ ಸರಿಯಾದ ಔಷಧಿ ಶುರುವಾದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಡಾಕ್ಟರು ಹತ್ತು ದಿನ ಎಂದು ಬರೆದರೆ ಹತ್ತು ದಿನವೂ ಕೊಡಿ. ಮೂರನೇ ದಿನಕ್ಕೆ ಜ್ವರ ಬಿಟ್ಟಿತೆಂದು ಉಳಿದ ಔಷಧಿಯನ್ನು ಮುಂದಿನ ಸಲಕ್ಕೆ ಎಂದು ಫ್ರಿಜ್ಜಿನಲ್ಲಿ ಇಡಬೇಡಿ.