ವಿಮಾನ ತಲುಪಿದ್ದು ಯಾವಾಗ? ಚಕ್ರ ನೆಲ ಮುಟ್ಟಿದಾಗಲೋ, ಬಾಗಿಲು ತೆರೆದಾಗಲೋ?

ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಿಂದ ಜರ್ಮನಿಯ ಕಲೋನ್-ಬಾನ್ ವಿಮಾನ ನಿಲ್ದಾಣಕ್ಕೆ ನೇರ ಅಂತರ ಸುಮಾರು 545 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದ ಲೆಕ್ಕ ಹಾಕಿದರೆ 40 ನಿಮಿಷದ ದಾರಿ. ಆದರೆ 2012ರ ಮೇ 11ರಂದು ಜರ್ಮನ್‌ವಿಂಗ್ಸ್ ವೇಳಾಪಟ್ಟಿಯಲ್ಲಿ ಇದಕ್ಕಿದ್ದ ಸಮಯ 1 ಗಂಟೆ 10 ನಿಮಿಷ. ರನ್‌ವೇವರೆಗೆ ನಿಧಾನವಾಗಿ ಸಾಗುವುದು, ಮೇಲೇರುವುದು, ಇಳಿಯುವುದು, ಕೊನೆಗೆ ನಿಲುಗಡೆ ಜಾಗಕ್ಕೆ ಬಂದು ನಿಲ್ಲುವುದು ಎಲ್ಲವೂ ಅದರಲ್ಲಿ ಸೇರಿರುತ್ತದೆ.

ಅಂದು ವಿಮಾನ ಮಧ್ಯಾಹ್ನ 2:40ಕ್ಕೆ ತಲುಪಬೇಕಿತ್ತು. ತಡವಾಗಿ ಬಂದ ಅದರ ಚಕ್ರಗಳು ರನ್‌ವೇ ಮುಟ್ಟಿದಾಗ ಸಂಜೆ 5:38. ನಿಲುಗಡೆ ಜಾಗ ಸೇರಿದಾಗ 5:43. ಸ್ವಲ್ಪ ಹೊತ್ತಿನಲ್ಲೇ ಬಾಗಿಲು ತೆರೆಯಿತು.

ಈ ಐದು ನಿಮಿಷದ ಬೆಲೆ 250 ಯೂರೋ. ಐರೋಪ್ಯ ಒಕ್ಕೂಟದ ನಿಯಮದಡಿ 1500 ಕಿ.ಮೀ. ಒಳಗಿನ ಹಾರಾಟ 3 ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾದರೆ ಪ್ರಯಾಣಿಕರಿಗೆ ಸಿಗುವ ಪರಿಹಾರ ಅಷ್ಟು. ನೆಲ ಮುಟ್ಟಿದ ಕ್ಷಣವೇ ತಲುಪಿದ ಸಮಯ, ಹಾಗಾಗಿ ತಡವಾದದ್ದು 2 ಗಂಟೆ 58 ನಿಮಿಷ ಮಾತ್ರ ಎಂದು ಸಂಸ್ಥೆ ವಾದಿಸಿತು. ಪ್ರಯಾಣಿಕರೊಬ್ಬರು ಒಪ್ಪಲಿಲ್ಲ, ಪ್ರಕರಣ ಐರೋಪ್ಯ ನ್ಯಾಯಾಲಯದವರೆಗೂ ಹೋಯಿತು. 2014ರ ಸೆಪ್ಟೆಂಬರ್ 4ರಂದು ತೀರ್ಪು ಬಂತು: ಕನಿಷ್ಠ ಒಂದು ಬಾಗಿಲಾದರೂ ತೆರೆದು, ಪ್ರಯಾಣಿಕರು ಇಳಿಯಲು ಅನುಮತಿ ಸಿಕ್ಕ ಕ್ಷಣವೇ ತಲುಪಿದ ಸಮಯ. ಬಾಗಿಲು ಮುಚ್ಚಿರುವಷ್ಟು ಹೊತ್ತು ಪ್ರಯಾಣಿಕರು ತಮ್ಮ ಕೆಲಸಕ್ಕೆ ಸ್ವತಂತ್ರರಲ್ಲ ಎಂಬುದು ನ್ಯಾಯಾಲಯ ಕೊಟ್ಟ ಕಾರಣ. ಸೀಟಿನಲ್ಲಿ ಬೆಲ್ಟ್ ಕಟ್ಟಿ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಭಾರತೀಯರಿಗೂ ಇದು ಅನ್ವಯಿಸುತ್ತದೆಯೇ? ಹೌದು. ಒಕ್ಕೂಟದ ಯಾವುದೇ ನಿಲ್ದಾಣದಿಂದ ಹೊರಡುವ ವಿಮಾನವಾದರೆ ಪ್ರಯಾಣಿಕರ ಪಾಸ್‌ಪೋರ್ಟ್ ಯಾವ ದೇಶದ್ದು, ವಿಮಾನ ಯಾವ ಸಂಸ್ಥೆಯದು ಎಂಬುದು ಮುಖ್ಯವಲ್ಲ.

ದೂರದ ಲೆಕ್ಕವನ್ನೂ ತಿಳಿದಿರಬೇಕು. ವಿಮಾನ ನಿಜವಾಗಿ ಸುತ್ತಿ ಬಂದ ದಾರಿಯಲ್ಲ, ಭೂಗೋಳದ ಮೇಲೆ ಎರಡು ನಿಲ್ದಾಣಗಳ ನಡುವಿನ ಅತಿ ಚಿಕ್ಕ ಅಂತರವನ್ನೇ ನಿಯಮ ಪರಿಗಣಿಸುತ್ತದೆ. ಒಂದೇ ಬುಕಿಂಗ್‌ನಲ್ಲಿ ಪ್ಯಾರಿಸ್‌ನಿಂದ ಫ್ರಾಂಕ್‌ಫರ್ಟ್ ಮೂಲಕ ಮುಂಬೈಗೆ ಹೊರಟಿದ್ದೀರಿ ಎನ್ನಿ. ಮೊದಲ ಚಿಕ್ಕ ಹಾರಾಟ ತಡವಾಗಿ ಮುಂದಿನ ವಿಮಾನ ತಪ್ಪಿತು; ಮುಂಬೈ ಸೇರಿದ್ದು 4 ಗಂಟೆಗೂ ಹೆಚ್ಚು ತಡವಾಗಿ. ಆಗ ಲೆಕ್ಕಕ್ಕೆ ಬರುವುದು ಪ್ಯಾರಿಸ್-ಮುಂಬೈ ನೇರ ಅಂತರ. ಅದು 3500 ಕಿ.ಮೀ. ದಾಟುವುದರಿಂದ ಪರಿಹಾರ 600 ಯೂರೋ. 3ರಿಂದ 4 ಗಂಟೆ ತಡವಾದರೆ ಸಂಸ್ಥೆ ಇದನ್ನು ಅರ್ಧಕ್ಕೆ ಇಳಿಸಬಹುದು. ಎರಡು ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಕೆಟ್ಟ ಹವಾಮಾನದಂಥ, ಸಂಸ್ಥೆಯ ಕೈಮೀರಿದ ಕಾರಣವಿದ್ದರೂ ಹಣ ಸಿಗದು.

ವಿಮಾನ ತಡವಾಗಿದ್ದರೆ, ಬಾಗಿಲು ತೆರೆದ ಹೊತ್ತಿನಲ್ಲಿ ಮೊಬೈಲ್‌ನಲ್ಲೊಂದು ಫೋಟೊ ತೆಗೆದು, ಬೋರ್ಡಿಂಗ್ ಪಾಸ್ ಜೊತೆಗೆ ಇಟ್ಟುಕೊಳ್ಳಿ. ವಿಮಾನ ಜಾಡು ತೋರಿಸುವ ಆ್ಯಪ್‌ಗಳಲ್ಲಿ ರನ್‌ವೇಗೆ ಇಳಿದ ಸಮಯ ಸಿಗಬಹುದು, ಬಾಗಿಲು ತೆರೆದದ್ದು ಸಿಗುವುದಿಲ್ಲ.