ಡಿಸ್ಟೋಪಿಯಾ ಕಾದಂಬರಿಗಳ ತರಗತಿ ಅಧ್ಯಯನ: ‘ದಿ ಗಿವರ್’ ಕೃತಿಯನ್ನು ಅನುಲಕ್ಷಿಸಿ

1. ಪರಿಕಲ್ಪನೆ

ಕುಂದಿಲ್ಲದ ಸಮಾಜವೊಂದನ್ನು ಕಲ್ಪಿಸಿಕೊಳ್ಳುವುದು ಮನುಷ್ಯನ ಹಳೆಯ ಹಂಬಲಗಳಲ್ಲಿ ಒಂದು. ಇಂಗ್ಲಿಷಿನಲ್ಲಿ ಇದಕ್ಕೆ ಬಳಕೆಯಲ್ಲಿರುವ ‘ಯುಟೋಪಿಯಾ’ ಎಂಬ ಪದವನ್ನು ಥಾಮಸ್ ಮೋರ್ 1516ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ತನ್ನ ಕೃತಿಗಾಗಿ ಟಂಕಿಸಿದನು. ಗ್ರೀಕ್ ಮೂಲವನ್ನು ಅನುಸರಿಸಿದರೆ ಅದರ ಅರ್ಥ ‘ಎಲ್ಲಿಯೂ ಇಲ್ಲದ ಸ್ಥಳ’. ಇದಕ್ಕೆ ವಿರುದ್ಧವಾದ ‘ಡಿಸ್ಟೋಪಿಯಾ’ದ ಒಂದು ರೂಪವನ್ನು ಜಾನ್ ಸ್ಟೂಅರ್ಟ್ ಮಿಲ್ 1868ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ, ಐರ್ಲೆಂಡ್ ಕುರಿತ ಸರ್ಕಾರದ ನೀತಿಯನ್ನು ಟೀಕಿಸುತ್ತ ಬಳಸಿದನು. ಸಾಹಿತ್ಯ ಪ್ರಕಾರವಾಗಿ ಇದು ಬೆಳೆದದ್ದು ಇಪ್ಪತ್ತನೆಯ ಶತಮಾನದಲ್ಲಿ. ಜಮ್ಯಾಟಿನ್‌ನ ‘ವಿ’ (ಇಂಗ್ಲಿಷ್ ಅನುವಾದ 1924), ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ (1932), ಆರ್ವೆಲ್‌ನ ‘ನೈನ್‌ಟೀನ್ ಎಯ್ಟಿ-ಫೋರ್’ (1949), ಬ್ರಾಡ್‌ಬರಿಯ ‘ಫ್ಯಾರನ್‌ಹೀಟ್ 451’ (1953) ಇದರ ಪ್ರಮುಖ ಮೈಲಿಗಲ್ಲುಗಳು.

ಕನ್ನಡದಲ್ಲಿ ಈ ಪದಕ್ಕೆ ‘ದುಷ್ಟರಾಜ್ಯ’ ಎಂಬಂತಹ ಸಮಾನಪದವನ್ನು ಸೂಚಿಸಬಹುದಾದರೂ ಅದು ಮೂಲದ ಒಂದು ಮುಖ್ಯ ಛಾಯೆಯನ್ನು ಕಳೆಯುತ್ತದೆ. ಡಿಸ್ಟೋಪಿಯಾದ ನಿವಾಸಿಗಳಲ್ಲಿ ಬಹುಪಾಲು ಜನ ತಮ್ಮ ನಾಡು ಕೆಟ್ಟದ್ದೆಂದು ಭಾವಿಸಿರುವುದಿಲ್ಲ. ಅದೇ ಅತ್ಯುತ್ತಮವೆಂದು ನಂಬಿರುತ್ತಾರೆ. ಕೇಡು ಒಳಿತಿನ ವೇಷದಲ್ಲಿರುವುದೇ ಈ ಪ್ರಕಾರದ ತಿರುಳು. ಆದಕಾರಣ ಇಲ್ಲಿ ಮೂಲಪದವನ್ನೇ ಉಳಿಸಿಕೊಳ್ಳಲಾಗಿದೆ.

ಅಮೆರಿಕದ ಶಾಲಾ ವ್ಯವಸ್ಥೆಯಲ್ಲಿ ‘ಮಿಡ್ಲ್ ಸ್ಕೂಲ್’ ಎಂದು ಕರೆಯುವ, ಸಾಮಾನ್ಯವಾಗಿ ಆರರಿಂದ ಎಂಟನೆಯ ತರಗತಿಯವರೆಗಿನ ಹಂತದಲ್ಲಿ, ಎಂದರೆ ಸುಮಾರು ಹನ್ನೊಂದರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ, ಇಂಗ್ಲಿಷ್ ತರಗತಿಯಲ್ಲಿ ಇಂತಹ ಕಾದಂಬರಿಗಳನ್ನು ಬೋಧಿಸುವುದು ವ್ಯಾಪಕವಾಗಿದೆ. ಈ ಬೋಧನೆಯ ಉದ್ದೇಶವೇನು, ಅದಕ್ಕೆ ಬಂದಿರುವ ಆಕ್ಷೇಪಗಳಾವುವು, ಅವುಗಳಿಗೆ ಕೃತಿಯೊಳಗೇ ಉತ್ತರವಿದೆಯೇ ಎಂಬುದನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ.

2. ಕೃತಿಯ ಆಯ್ಕೆ

ಈ ಹಂತದಲ್ಲಿ ಬಹುವಾಗಿ ಬಳಕೆಯಾಗಿರುವ ಕೃತಿ ಲೋಯಿಸ್ ಲೌರಿ ಅವರ ‘ದಿ ಗಿವರ್’. 1993ರಲ್ಲಿ ಪ್ರಕಟವಾದ ಈ ಕಾದಂಬರಿಗೆ 1994ರಲ್ಲಿ ನ್ಯೂಬೆರಿ ಪದಕ ದೊರೆಯಿತು. 2000, 2004 ಮತ್ತು 2012ರಲ್ಲಿ ಇದಕ್ಕೆ ಸಂಬಂಧಿಸಿದ ಇನ್ನೂ ಮೂರು ಕಾದಂಬರಿಗಳು ಬಂದವು, 2014ರಲ್ಲಿ ಚಲನಚಿತ್ರವಾಯಿತು.

ಕಥೆಯ ಹಂದರ ಸರಳವಾದದ್ದು. ನೋವು, ಹಸಿವು, ಕಲಹಗಳಿಲ್ಲದ ಒಂದು ಸಮುದಾಯ. ಅಲ್ಲಿ ಪ್ರತಿ ಕುಟುಂಬಕ್ಕೆ ಒಂದು ಗಂಡು, ಒಂದು ಹೆಣ್ಣು ಮಗುವನ್ನು ಮಂಜೂರು ಮಾಡಲಾಗುತ್ತದೆ. ಹನ್ನೆರಡು ತುಂಬುವ ಮಕ್ಕಳಿಗೆ ಹಿರಿಯರ ಸಮಿತಿಯೇ ವೃತ್ತಿಯನ್ನು ನಿಗದಿಪಡಿಸುತ್ತದೆ. ಜೋನಸ್ ಎಂಬ ಬಾಲಕನಿಗೆ ದೊರೆಯುವುದು ‘ನೆನಪುಗಳ ಸ್ವೀಕಾರಕ’ನ ಕೆಲಸ. ಸಮುದಾಯವು ತ್ಯಜಿಸಿರುವ ಬಣ್ಣ, ಹಿಮ, ಪ್ರೀತಿ, ಯುದ್ಧ ಇವೆಲ್ಲದರ ನೆನಪನ್ನು ಎಲ್ಲರ ಪರವಾಗಿ ಹೊತ್ತಿರುವ ವೃದ್ಧನೊಬ್ಬನಿಂದ ಅವನು ಅವುಗಳನ್ನು ಪಡೆಯಬೇಕಾಗಿದೆ. ಓದುವ ಮಗುವಿನ ವಯಸ್ಸೂ ನಾಯಕನ ವಯಸ್ಸೂ ಒಂದೇ ಆಗಿರುವುದು ಕೃತಿಯ ಆಯ್ಕೆಗೆ ಮೊದಲ ಕಾರಣ. ನಿಯಮಗಳನ್ನು ಪ್ರಶ್ನಿಸದೆ ಪಾಲಿಸುವ ಬಾಲ್ಯವು ಮುಗಿದು, ‘ಏಕೆ’ ಎಂದು ಕೇಳುವ ಪ್ರಾಯವು ಆರಂಭವಾಗುವ ಸಂಧಿಕಾಲವದು.

3. ಭಾಷೆಯ ಪಾಠ

ಇಂತಹ ಕೃತಿಗಳನ್ನು ರಾಜಕೀಯ ತಿಳಿವಳಿಕೆಗಾಗಿ ಬೋಧಿಸಲಾಗುತ್ತದೆಂದು ಮೇಲ್ನೋಟಕ್ಕೆ ತೋರುವುದು ಸಹಜ. ಆದರೆ ಕೃತಿಯನ್ನು ಸೂಕ್ಷ್ಮವಾಗಿ ಗಮನಿಸಿದಾಗ ಅದು ಮೊದಲಿಗೆ ಭಾಷೆಯ ಪಾಠವಾಗಿದೆ ಎಂಬುದು ಸ್ಪಷ್ಟವಾಗುತ್ತದೆ. ‘ಇಂಗ್ಲಿಷ್ ತರಗತಿ’ಯಲ್ಲಿ ಅದಕ್ಕೆ ಸ್ಥಾನ ದೊರೆತಿರುವುದು ಈ ಕಾರಣದಿಂದ ಸಮರ್ಥನೀಯ.

ಆ ಸಮುದಾಯದಲ್ಲಿ ಪದಗಳನ್ನು ಕರಾರುವಾಕ್ಕಾಗಿ ಬಳಸಬೇಕೆಂಬ ಕಟ್ಟುನಿಟ್ಟಿದೆ. ಹಸಿವಾದಾಗ ‘ಹಸಿವಿನಿಂದ ಸಾಯುತ್ತಿದ್ದೇನೆ’ ಎಂದ ಮಗುವನ್ನು ತಿದ್ದಲಾಗುತ್ತದೆ. ತನ್ನನ್ನು ಪ್ರೀತಿಸುವಿರಾ ಎಂದು ಜೋನಸ್ ಕೇಳಿದಾಗ, ಆ ಪದ ಅರ್ಥಹೀನವಾಗುವಷ್ಟು ಸವೆದಿದೆಯೆಂದು ತಂದೆತಾಯಿಯರು ನಗುತ್ತಲೇ ತಿಳಿಹೇಳುತ್ತಾರೆ. ಇಷ್ಟು ಕರಾರುವಾಕ್ಕಾದ ಸಮಾಜ ಅತಿ ಭೀಕರವಾದ ಕೃತ್ಯವೊಂದಕ್ಕೆ ಮಾತ್ರ ಮೃದುವಾದ, ಮಸುಕಾದ ಹೆಸರನ್ನು ಇಟ್ಟುಕೊಂಡಿದೆ: ‘ರಿಲೀಸ್’, ಅಂದರೆ ಬಿಡುಗಡೆ. ಮೊದಲ ಅಧ್ಯಾಯದಲ್ಲಿಯೇ ದಾರಿತಪ್ಪಿದ ವಿಮಾನ ಚಾಲಕನ ಸಂದರ್ಭದಲ್ಲಿ ಬರುವ ಈ ಪದ, ವೃದ್ಧರ ಕುರಿತು, ತೂಕ ಸಾಲದ ಶಿಶುಗಳ ಕುರಿತು ಮತ್ತೆ ಮತ್ತೆ ಬರುತ್ತದೆ. ಕೊನೆಗೆ, ಶಿಶುಪಾಲಕನಾದ ತನ್ನ ತಂದೆಯೇ ಅವಳಿಗಳಲ್ಲಿ ಚಿಕ್ಕದನ್ನು ಚುಚ್ಚುಮದ್ದಿನಿಂದ ಕೊಲ್ಲುವುದನ್ನು ಜೋನಸ್ ಧ್ವನಿಮುದ್ರಿತ ದೃಶ್ಯದಲ್ಲಿ ಕಂಡಾಗ ಪದದ ಮುಸುಕು ಸರಿಯುತ್ತದೆ. ತಂದೆ ಆಗಲೂ ಮುದ್ದಿನ ದನಿಯಲ್ಲಿಯೇ ಮಾತನಾಡುತ್ತಿರುತ್ತಾನೆ.

ತರಗತಿಯಲ್ಲಿ ವಿದ್ಯಾರ್ಥಿಗಳು ಈ ಪದ ಬರುವ ಪುಟಗಳನ್ನು ಗುರುತಿಸುತ್ತ ಹೋದರೆ, ಪ್ರತಿ ಪುಟದಲ್ಲಿ ತಾವು ಅದಕ್ಕೆ ಯಾವ ಅರ್ಥವನ್ನು ಕೊಟ್ಟಿದ್ದೆವು ಎಂಬುದೂ ದಾಖಲಾಗುತ್ತದೆ. ಹಿಂದಿರುಗಿ ನೋಡಿದಾಗ, ಸುಳಿವು ಕಣ್ಣೆದುರೇ ಇದ್ದರೂ ತಾವು ಒಪ್ಪಿಕೊಂಡು ಮುಂದೆ ಸಾಗಿದ್ದು ತಿಳಿಯುತ್ತದೆ. ಬಣ್ಣದ ವಿಷಯದಲ್ಲಿಯೂ ಹೀಗೆಯೇ. ಅಲ್ಲಿನ ಜನರಿಗೆ ಬಣ್ಣ ಕಾಣದೆಂಬ ಸಂಗತಿ ಕಾದಂಬರಿಯ ನಡುಭಾಗದವರೆಗೂ ಹೊರಬೀಳುವುದಿಲ್ಲ. ಅಲ್ಲಿಯವರೆಗೆ ಲೇಖಕಿ ಹೇಳದೆ ಬಿಟ್ಟ ಬಣ್ಣಗಳನ್ನು ಓದುಗನೇ ತುಂಬಿಕೊಂಡಿರುತ್ತಾನೆ.

ಮೃದುನುಡಿಯೆಲ್ಲವೂ ಮೋಸವಲ್ಲವೆಂಬ ವಿವೇಚನೆಯೂ ಇಲ್ಲಿ ಅಗತ್ಯ. ಕನ್ನಡದಲ್ಲಿ ಸಾವನ್ನು ನೇರವಾಗಿ ಹೇಳದೆ ‘ತೀರಿಕೊಂಡರು’, ‘ದೈವಾಧೀನರಾದರು’, ‘ಲಿಂಗೈಕ್ಯರಾದರು’ ಎನ್ನುತ್ತೇವೆ. ಈ ಮಾತುಗಳನ್ನು ಕೇಳಿದವರೆಲ್ಲರಿಗೂ ನಡೆದದ್ದು ಸಾವೆಂಬುದು ಗೊತ್ತು. ಮಾತು ಮರೆಮಾಚುವುದಿಲ್ಲ, ಗೌರವಿಸುತ್ತದೆ. ‘ರಿಲೀಸ್’ ಪದವಾದರೋ ಕೇಳುವವರಿಗೆ ಸತ್ಯ ಗೊತ್ತಾಗಬಾರದೆಂದೇ ರೂಪುಗೊಂಡದ್ದು. ದುಃಖಿತರನ್ನು ಕಾಯುವ ಮೃದುನುಡಿಗೂ ಕೃತ್ಯವೆಸಗಿದವರನ್ನು ಕಾಯುವ ಮೃದುನುಡಿಗೂ ಇರುವ ಈ ಅಂತರವನ್ನು ಹನ್ನೆರಡರ ಹರೆಯದಲ್ಲಿ ಅರಿತವರು ಮುಂದೆ ಪತ್ರಿಕೆಯನ್ನೂ ಸರ್ಕಾರಿ ಪ್ರಕಟಣೆಯನ್ನೂ ಬೇರೆ ಬಗೆಯಲ್ಲಿ ಓದಬಲ್ಲರು.

2010ರಲ್ಲಿ ಅಮೆರಿಕದಲ್ಲಿ ರೂಪುಗೊಂಡು ಹಲವು ರಾಜ್ಯಗಳು ಅಳವಡಿಸಿಕೊಂಡ ‘ಕಾಮನ್ ಕೋರ್’ ಮಾನದಂಡಗಳು ಈ ಹಂತದ ವಿದ್ಯಾರ್ಥಿಯಿಂದ ಅಪೇಕ್ಷಿಸುವುದೂ ಇಂತಹ ಓದನ್ನೇ. ಹೇಳಿಕೆಗೆ ಪಠ್ಯದಿಂದ ಆಧಾರ ಕೊಡುವುದು, ಸನ್ನಿವೇಶವು ಪಾತ್ರಗಳನ್ನು ರೂಪಿಸುವ ಬಗೆಯನ್ನು ವಿಶ್ಲೇಷಿಸುವುದು, ಪಾತ್ರದ ತಿಳಿವಿಗೂ ಓದುಗನ ತಿಳಿವಿಗೂ ಇರುವ ಅಂತರವನ್ನು ಗುರುತಿಸುವುದು ಅವುಗಳಲ್ಲಿ ಸೇರಿವೆ.

4. ಆಕ್ಷೇಪಗಳು

ಶಿಶುಹತ್ಯೆಯ ದೃಶ್ಯವಿರುವ ಕೃತಿಯನ್ನು ಮಕ್ಕಳ ಕೈಗೆ ಕೊಡಬಹುದೇ ಎಂಬ ಪ್ರಶ್ನೆಯನ್ನು ಪೋಷಕರು ಎತ್ತಿದ್ದು ಅನಿರೀಕ್ಷಿತವಲ್ಲ. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಸಿದ್ಧಪಡಿಸಿದ, 1990ರ ದಶಕದಲ್ಲಿ ಹೆಚ್ಚು ಆಕ್ಷೇಪಕ್ಕೊಳಗಾದ ಪುಸ್ತಕಗಳ ಪಟ್ಟಿಯಲ್ಲಿ ‘ದಿ ಗಿವರ್’ 11ನೆಯ ಸ್ಥಾನದಲ್ಲಿದೆ. ಸುಸಾನ್ ಕಾಲಿನ್ಸ್ ಅವರ ‘ದಿ ಹಂಗರ್ ಗೇಮ್ಸ್’ (2008) ಕೂಡ 2010 ಮತ್ತು 2011ರ ವಾರ್ಷಿಕ ಪಟ್ಟಿಗಳಲ್ಲಿ ಕಾಣಿಸಿಕೊಂಡಿತು. ಶಾಲಾ ಮಂಡಳಿಗಳು ಪುಸ್ತಕದ ವಿಚಾರ ತಮಗೆ ಹಿಡಿಸದೆಂಬ ಒಂದೇ ಕಾರಣಕ್ಕೆ ಅದನ್ನು ಗ್ರಂಥಾಲಯದಿಂದ ತೆಗೆಯಲಾಗದೆಂಬ ನಿಲುವನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಲ್ಲಿ ಕೆಲವರು 1982ರ ಪಿಕೊ ಪ್ರಕರಣದಲ್ಲಿ ತಳೆದರು. ಆದರೆ ಆ ಅಭಿಪ್ರಾಯಕ್ಕೆ ಪೂರ್ಣ ಬಹುಮತವಿರಲಿಲ್ಲ; ಪಠ್ಯಕ್ರಮದ ಆಯ್ಕೆಗೂ ಅದು ಅನ್ವಯಿಸಲಿಲ್ಲ.

ಆಕ್ಷೇಪವನ್ನು ಮೌಢ್ಯವೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ಕಾದಂಬರಿಯೇ ಅದನ್ನು ಗಂಭೀರವಾಗಿ ಪರಿಗಣಿಸಿದೆ. ವೃದ್ಧನು ಜೋನಸ್‌ನಿಗೆ ಮೊದಲು ಕೊಡುವುದು ಹಿಮದ ಮೇಲೆ ಜಾರುವ ಸಂತೋಷದ ನೆನಪು. ಬಳಿಕ ಬಿಸಿಲಿನ ಉರಿ, ಕಾಲು ಮುರಿದ ಯಾತನೆ, ಬಹಳ ತಡವಾಗಿ ಯುದ್ಧ. ಜೋನಸ್‌ಗಿಂತ ಹತ್ತು ವರ್ಷ ಮೊದಲು ಇದೇ ಶಿಕ್ಷಣಕ್ಕೆ ಆಯ್ಕೆಯಾಗಿದ್ದ ರೋಸ್‌ಮೇರಿ ಎಂಬ ಬಾಲೆ ಐದೇ ವಾರಗಳಲ್ಲಿ ನೋವು ತಾಳಲಾರದೆ ತಾನಾಗಿ ‘ಬಿಡುಗಡೆ’ ಕೇಳಿಕೊಂಡಿದ್ದಳು. ಮಗುವಿಗೆ ಎಷ್ಟು ನೋವನ್ನು, ಯಾವ ಕ್ರಮದಲ್ಲಿ, ಯಾರ ಆಸರೆಯಲ್ಲಿ ತಿಳಿಸಬೇಕೆಂಬ ಪ್ರಶ್ನೆಯೇ ಕೃತಿಯ ಒಳಗಿದೆ. ರೋಸ್‌ಮೇರಿಯ ಪ್ರಸಂಗ ಪೋಷಕರ ಭಯಕ್ಕೆ ಆಧಾರವಿದೆಯೆಂದು ತೋರಿಸಿದರೆ, ನೆನಪಿಲ್ಲದ ಸಮುದಾಯದ ಚಿತ್ರ ನೋವನ್ನು ಪೂರ್ತಿ ಮುಚ್ಚಿಟ್ಟಾಗ ತೆರಬೇಕಾದ ಬೆಲೆಯನ್ನು ತೋರಿಸುತ್ತದೆ. ಅಧ್ಯಾಪಕನಿಗೆ ಇದರಿಂದ ದೊರೆಯುವ ಸೂಚನೆಯೆಂದರೆ, ಇಂತಹ ಪುಟಗಳನ್ನು ಮಗು ಒಂಟಿಯಾಗಿ ಓದುವಂತೆ ಬಿಡದೆ ತರಗತಿಯಲ್ಲಿ, ಜೊತೆಯಲ್ಲಿ ಕುಳಿತು ಓದಿಸಬೇಕೆಂಬುದು.

ಆಕ್ಷೇಪಕ್ಕೆ ಅಂಜಿ ಪಠ್ಯವನ್ನೇ ತಿದ್ದಿದರೆ ಏನಾಗುತ್ತದೆ ಎಂಬುದಕ್ಕೆ ‘ಫ್ಯಾರನ್‌ಹೀಟ್ 451’ರ ಚರಿತ್ರೆ ನಿದರ್ಶನ. ಪುಸ್ತಕ ಸುಡುವ ಸಮಾಜದ ಕಥೆಯಿದು. ಪ್ರಕಾಶಕರು 1967ರಲ್ಲಿ ಶಾಲೆಗಳಿಗೆಂದು ಹೊರತಂದ ಆವೃತ್ತಿಯಲ್ಲಿ, ಲೇಖಕನ ಅರಿವಿಗೆ ಬಾರದಂತೆ ಸುಮಾರು 75 ಕಡೆ ಬದಲಾವಣೆಗಳಾಗಿದ್ದವು. ಬ್ರಾಡ್‌ಬರಿಗೆ ಇದು ತಿಳಿದದ್ದು 1979ರಲ್ಲಿ. ಆಗ ಅವರು ಮೂಲಪಾಠವನ್ನು ಮರಳಿ ಮುದ್ರಿಸುವಂತೆ ಆಗ್ರಹಿಸಿ, ತೀಕ್ಷ್ಣವಾದ ಹಿನ್ನುಡಿಯೊಂದನ್ನೂ ಬರೆದರು. ಕತ್ತರಿ ಪ್ರಯೋಗವನ್ನು ಖಂಡಿಸುವ ಕೃತಿಯನ್ನು ಕತ್ತರಿಸಿದ ರೂಪದಲ್ಲಿ ಹಲವು ವರ್ಷ ವಿದ್ಯಾರ್ಥಿಗಳು ಓದಿದರು.

5. ತರಗತಿಯೇ ಒಂದು ಸಮುದಾಯ

ಇಲ್ಲಿ ಇನ್ನೊಂದು ತೊಡಕಿದೆ. ಸ್ವಾತಂತ್ರ್ಯದ ಬೆಲೆಯನ್ನು ಹೇಳುವ ಈ ಕೃತಿ ವಿದ್ಯಾರ್ಥಿಗೆ ಕಡ್ಡಾಯ ಪಠ್ಯ. ಗಂಟೆಯ ಸದ್ದಿಗೆ ಏಳುವ, ಅನುಮತಿ ಪಡೆದು ಮಾತನಾಡುವ, ಸರಿಯುತ್ತರಕ್ಕೆ ಅಂಕ ಪಡೆಯುವ ವಿದ್ಯಾರ್ಥಿಗೆ ಜೋನಸ್‌ನ ಸಮುದಾಯ ಅಪರಿಚಿತವಾಗಿ ಕಾಣಲಾರದು. ಈ ಹೋಲಿಕೆಯನ್ನು ವಿದ್ಯಾರ್ಥಿಯೇ ಎತ್ತಿದಾಗ ಅದನ್ನು ಉದ್ಧಟತನವೆಂದು ಅದುಮುವ ಅಧ್ಯಾಪಕನು ಪಾಠವನ್ನು ತನ್ನ ಕೈಯಾರೆ ಕೆಡಿಸಿದಂತೆ. ಯಾವ ನಿಯಮ ಎಲ್ಲರ ಸುರಕ್ಷೆಗಾಗಿದೆ, ಯಾವುದು ಕೇವಲ ಅನುಕೂಲಕ್ಕಾಗಿದೆ ಎಂಬ ಚರ್ಚೆಗೆ ತರಗತಿಯ ನಿಯಮಗಳೇ ಯೋಗ್ಯವಾದ ಸಾಮಗ್ರಿ.

ಕಾದಂಬರಿಯ ಅಂತ್ಯವು ಈ ಪರೀಕ್ಷೆಯನ್ನು ತೀವ್ರಗೊಳಿಸುತ್ತದೆ. ಸಾವಿಗೆ ಗುರಿಯಾಗಿದ್ದ ಗೇಬ್ರಿಯಲ್ ಎಂಬ ಶಿಶುವನ್ನು ಎತ್ತಿಕೊಂಡು ಓಡಿಹೋದ ಜೋನಸ್ ಹಿಮದ ಇಳಿಜಾರಿನಲ್ಲಿ ಜಾರುತ್ತಾನೆ. ಕೆಳಗೆ ದೀಪಗಳು ಕಾಣುತ್ತವೆ. ಅವರು ಬದುಕಿದರೇ, ಅಥವಾ ಚಳಿಯಲ್ಲಿ ಮಡಿಯುವ ಮನಸ್ಸಿನ ಭ್ರಮೆಯೇ ಅದು? ಎಲ್ಲರಿಗೂ ಒಂದೇ ಆದ ಸರಿಯಾದ ಅಂತ್ಯವಿಲ್ಲವೆಂದು ಲೌರಿ 1994ರ ಪದಕ ಸ್ವೀಕಾರ ಭಾಷಣದಲ್ಲಿ ಸೂಚಿಸಿದರು. ನಂತರದ ಕಾದಂಬರಿಗಳು ಜೋನಸ್ ಬದುಕಿರುವುದನ್ನು ತಿಳಿಸುತ್ತವೆಯಾದರೂ ಈ ಕೃತಿಯ ಕೊನೆಯ ಪುಟ ಅದನ್ನು ತಿಳಿಸುವುದಿಲ್ಲ. ನಾಲ್ಕು ಆಯ್ಕೆಗಳ ಪ್ರಶ್ನೆಪತ್ರಿಕೆಯಲ್ಲಿ ಈ ಅಂತ್ಯಕ್ಕೆ ಸ್ಥಳವಿಲ್ಲ. ಹಾಗೆಂದು ಯಾವ ಉತ್ತರವಾದರೂ ಸರಿಯೆಂದಲ್ಲ. ಪಠ್ಯದಿಂದ ಆಧಾರ ಕೊಡುವ ಹೊಣೆ ಉಳಿದೇ ಇರುತ್ತದೆ. ಇಬ್ಬರು ವಿದ್ಯಾರ್ಥಿಗಳು ಒಂದೇ ಪುಟದ ಆಧಾರದಿಂದ ವಿರುದ್ಧ ನಿರ್ಣಯಗಳಿಗೆ ಬಂದು, ಪರಸ್ಪರರ ವಾದವನ್ನು ಕೇಳಿಸಿಕೊಳ್ಳುವುದೇ ಇಲ್ಲಿ ಸಾಧ್ಯವಾಗುವ ಶಿಕ್ಷಣ.

6. ಸಮಾರೋಪ

ವಯಸ್ಕರ ಡಿಸ್ಟೋಪಿಯಾಗಳಲ್ಲಿ ಹಲವು ಸೋಲಿನಲ್ಲಿ ಮುಗಿಯುತ್ತವೆ; ಆರ್ವೆಲ್‌ನ ನಾಯಕ ಕೊನೆಗೆ ಶರಣಾಗುತ್ತಾನೆ. ಮಕ್ಕಳಿಗಾಗಿ ಬರೆದ ‘ದಿ ಗಿವರ್’ನಂತಹ ಕೃತಿ ಬಾಗಿಲನ್ನು ಪೂರ್ತಿ ಮುಚ್ಚುವುದಿಲ್ಲ. ಆದ್ದರಿಂದ ಇದು ನಿರಾಶೆಯನ್ನು ಬಿತ್ತುತ್ತದೆಂಬ ಟೀಕೆ ಪೂರ್ತಿ ನಿಲ್ಲುವುದಿಲ್ಲ. ಒಟ್ಟಿನಲ್ಲಿ ಹೇಳುವುದಾದರೆ, ಈ ಅಧ್ಯಯನದ ಸಾರ್ಥಕತೆ ಭವಿಷ್ಯದ ಭೀಕರ ಚಿತ್ರವನ್ನು ತೋರಿಸುವುದರಲ್ಲಿಲ್ಲ. ಇಂಪಾದ ಪದವೊಂದು ಎದುರಾದಾಗ ಅದು ಯಾರನ್ನು ಕಾಯುತ್ತಿದೆ ಎಂದು ಕೇಳುವ ಅಭ್ಯಾಸವನ್ನು, ಆ ಪ್ರಶ್ನೆ ಕೇಳುವ ವಯಸ್ಸಿನಲ್ಲಿಯೇ ರೂಢಿಸುವುದರಲ್ಲಿದೆ. ತನ್ನದೇ ಗೋಡೆಗಳೊಳಗೂ ಈ ಪ್ರಶ್ನೆಯನ್ನು ಕೇಳಲು ಅವಕಾಶವೀಯುವ ಶಾಲೆಯಲ್ಲಿ ಮಾತ್ರ ಇಂತಹ ಪಾಠ ಸಫಲವಾಗಬಲ್ಲದು.